ನಾಲ್ಕು ಬೆರಳಗಲ

ಶಿವಪುತ್ರಪ್ಪ ಹಡಪದನಿಗೆ ಅರ್ಧಕ್ಕೆ ನಿಂತ ಕ್ಷೌರ ಕಂಡರಾಗದು. ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಮೂವತ್ತು ವರ್ಷದಿಂದ ಅಂಗಡಿ ಇಟ್ಟವನು. ಕರೆಂಟು ಹೋದರೆ ಮೇಣದಬತ್ತಿ ಹಚ್ಚಿಯಾದರೂ ಕೆಲಸ ಮುಗಿಸಿಯೇ ಗಿರಾಕಿಯನ್ನು ಏಳಿಸುತ್ತಿದ್ದ. ಅರ್ಧ ತಲೆ ಬೋಳಿಸುವುದು ಹಿಂದೆ ಕಳ್ಳರಿಗೆ ಊರವರು ಮಾಡುತ್ತಿದ್ದ ಅವಮಾನ; ಮರ್ಯಾದಸ್ಥನ ತಲೆಯನ್ನು ಹಾಗೆ ಬಿಟ್ಟರೆ ಕತ್ತಿ ಹಿಡಿದವನಿಗೇ ಪಾಪ ಅಂತ ಅವನ ನಂಬಿಕೆ. ಆ ನಂಬಿಕೆಯೇ ಅವನ ಮಾನ ಕಳೆಯಿತು ನೋಡಿ.

ಅದು ೨೦೦೫ರ ಬೇಸಿಗೆ. ಅದಿರು ಲಾರಿಗಳು ಸಾಲುಗಟ್ಟಿ ಅರಬೈಲ್ ಘಟ್ಟ ಇಳಿಯುತ್ತಿದ್ದ ಕಾಲ. ಒಂದು ಮಧ್ಯಾಹ್ನ ಲಾರಿ ಚರಂಡಿಗೆ ಮಗುಚಿ ತಲೆ ಒಡೆದುಕೊಂಡ ಸರ್ದಾರ್ಜಿ ಡ್ರೈವರ್ ಒಬ್ಬನನ್ನು ಊರಿನ ಸಣ್ಣ ಆಸ್ಪತ್ರೆಗೆ ಹೊತ್ತು ತಂದರು. ಹೆಸರು ಗುರ್‌ಮೇಜ್ ಸಿಂಗ್ ಅಂತ ಲೈಸೆನ್ಸಿನಲ್ಲಿತ್ತು. ಹೊಲಿಗೆ ಹಾಕುವ ಮೊದಲು ಕೂದಲು ತೆಗೆಯಲು ಅಲ್ಲಿಗೆ ಶಿವಪುತ್ರಪ್ಪನನ್ನೇ ಕರೆಯುವುದು ವಾಡಿಕೆ.

"ಗಾಯದ ಸುತ್ತ ನಾಲ್ಕು ಬೆರಳಗಲ ತೆಗೀರಿ, ಸಾಕು ಅಂದಿದಾರೆ ಡಾಕ್ಟ್ರು," ಎಂದು ಹೇಳಿ ನರ್ಸ್ ಚೇತನಾ ಇನ್ನೊಂದು ಕೋಣೆಗೆ ಹೋದಳು.

ಸಿಂಗನಿಗೆ ಎಚ್ಚರವಿರಲಿಲ್ಲ. ರಕ್ತದಲ್ಲಿ ತೊಯ್ದ ಪಗಡಿಯನ್ನು ಆಗಲೇ ಬಿಚ್ಚಿಟ್ಟಿದ್ದರು. ಶಿವಪುತ್ರಪ್ಪ ತುರುಬು ಸಡಿಲಿಸಿದ್ದೇ ತಡ, ಒಳಗಿಂದ ಪುಟ್ಟ ಮರದ ಬಾಚಣಿಗೆಯೊಂದು ಬಿತ್ತು, ಕೂದಲು ಮಂಚದಿಂದ ಕೆಳಗೆ ಇಳಿಯಿತು. ಸರ್ದಾರ್ಜಿಗಳ ಪಗಡಿಯನ್ನು ಅವನು ದೂರದಿಂದ ಕಂಡಿದ್ದನೇ ಹೊರತು ಅದರೊಳಗೆ ಏನಿರುತ್ತದೆಂದು ಗೊತ್ತಿರಲಿಲ್ಲ. ಗಂಡಸು ಇಷ್ಟುದ್ದ ಕೂದಲು ಬಿಡುವುದು ಯಾಕೆ? ಹರಕೆಗೆ! ಯಾವ ದೇವರಿಗೋ ಹೊತ್ತಿದ್ದಾನೆ, ಕೊಡಲು ಹೋಗುವಷ್ಟರಲ್ಲಿ ಹೀಗಾಗಿದೆ ಪಾಪ, ಅಂದುಕೊಂಡ. ನಾಲ್ಕು ಬೆರಳಗಲ ತೆಗೆದು ನೋಡಿದರೆ ಥೇಟ್ ಕಳ್ಳನ ತಲೆ. ಮನಸ್ಸು ಒಪ್ಪಲಿಲ್ಲ, ಪೂರ್ತಿ ಬೋಳಿಸಿದ. ಬೋಳು ತಲೆಗೆ ಎದೆಮಟ್ಟದ ಗಡ್ಡ ಹೊಂದಲಿಲ್ಲ, ಅದನ್ನೂ ತೆಗೆದ. ಮೀಸೆ ಮಾತ್ರ ಬಿಟ್ಟ. ತಂದೆ ಬದುಕಿದ್ದರೆ ಮೀಸೆ ತೆಗೆಯುವುದು ಅಪಶಕುನವಲ್ಲವೇ? ಅಷ್ಟು ಜಾಣತನ ಅವನಿಗಿತ್ತು!

ಮರಳಿ ಬಂದ ಚೇತನಾ "ಅಯ್ಯ, ಎಲ್ಲಾ ತೆಗೆದ್ರಾ?" ಅಂದಳು. ಅದಕ್ಕಿಂತ ಹೆಚ್ಚಿಗೆ ಅವಳಿಗೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ತನ್ನ ಕೈಕೆಲಸ ಹೇಗೆ ಕಾಣುತ್ತದೆಂದು ನೋಡುವ ಆಸೆಗೆ ಶಿವಪುತ್ರಪ್ಪ ಆಸ್ಪತ್ರೆಗೆ ಹೋದ. ಸಿಂಗ್ ಎದ್ದು ಕೂತಿದ್ದ. ತಲೆಯ ಪಟ್ಟಿಯ ಮೇಲೆ ಟವೆಲು ಸುತ್ತಿಕೊಂಡು, ಮುಷ್ಟಿಯಲ್ಲಿ ಆ ಬಾಚಣಿಗೆ ಹಿಡಿದು, ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದ. ಮುಗಿಯುವ ತನಕ ಚೇತನಾ ಮಾತ್ರೆ ಹಿಡಿದು ಕಾದಳು.

"ಏನು ಮಂತ್ರ ಅದು?" ಕೇಳಿದಳು.

"ಬೆಳಗಿನ ಪಾಠ. ನಮ್ಮ ಗುರುಗಳ ವಾಣಿ, ದಿನಾ ಸ್ನಾನ ಮಾಡಿ ಹೇಳೋದು. ಇವತ್ತು ಸ್ನಾನ ಇಲ್ಲ," ಅಂದ ಸಿಂಗ್. ಹೊಸಪೇಟೆ ದಾರಿಯಲ್ಲಿ ಹತ್ತು ವರ್ಷ ಲಾರಿ ಹೊಡೆದವನಿಗೆ ಕನ್ನಡ ಸಾಕಷ್ಟು ಬರುತ್ತಿತ್ತು.

"ಯಾವ ದೇವರು ನಿಮ್ದು?"

"ಒಬ್ಬನೇ. ಮೂರ್ತಿ ಇಲ್ಲ. ಅವನ ಹೆಸರು ನೆನೆಯೋದು, ದುಡಿಯೋದು, ಹಂಚಿ ತಿನ್ನೋದು."

ಶಿವಪುತ್ರಪ್ಪನಿಗೆ ಬಾಯಿ ತಡೆಯಲಿಲ್ಲ. "ಮತ್ತ ಆ ಕೂದಲಾ ಯಾವ ಹರಕೀದ್ರಿ? ಎಲ್ಲಿ ಕೊಡಾವ್ರಿದ್ರಿ?"

"ಕೊಡೋದಲ್ಲ ಅಣ್ಣ, ಇಟ್ಕೊಳ್ಳೋದು. ದೇವರು ಕೊಟ್ಟ ಹಾಗೇ, ಸಾಯೋವರೆಗೂ. ದಿನಕ್ಕೆ ಎರಡು ಸಲ ಬಾಚಿ ಕಟ್ಟೋದು. ನನಗೆ ನಲವತ್ತಾರು ವರ್ಷ. ಹುಟ್ಟಿದ ಮೇಲೆ ಯಾರೂ ಕತ್ತರಿ ಮುಟ್ಟಿಸಿರಲಿಲ್ಲ."

ಶಿವಪುತ್ರಪ್ಪನ ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ಎಂಟನೇ ವಯಸ್ಸಿನಲ್ಲಿ ಕಟ್ಟಿಕೊಂಡದ್ದು, ಹರ್ನಿಯಾ ಆಪರೇಶನ್ನಿನಲ್ಲೂ ಮೈಮೇಲಿಂದ ತೆಗೆಯಲು ಬಿಟ್ಟಿರಲಿಲ್ಲ. ತನಗೆ ಎಚ್ಚರ ತಪ್ಪಿದಾಗ ಯಾವನಾದರೂ ಅದನ್ನು ಬಿಚ್ಚಿ ಎಸೆದಿದ್ದರೆ?

"ನೀವು ಯಾರು?" ಸಿಂಗ್ ಕೇಳಿದ.

"ಕ್ಷೌರದಾಂವ್ರಿ."

ಸಿಂಗ್ ಶಿವಪುತ್ರಪ್ಪನ ಬಲಗೈ ಹಿಡಿದುಕೊಂಡ. "ನಿಮ್ಮ ತಪ್ಪಿಲ್ಲ. ಜೀವ ಉಳಿಸೋಕೆ ಎಲ್ಲಾ ತೆಗೀಬೇಕಾಯ್ತು, ಅಲ್ವಾ? ಅದು ಗುರುವಿಗೂ ಗೊತ್ತು. ನಮ್ಮಲ್ಲಿ ಮೊದಲು ದೀಕ್ಷೆ ತಗೊಂಡ ಐವರಲ್ಲಿ ಒಬ್ಬರು ನಿಮ್ಮ ಬೀದರಿನವರು. ನಿಮ್ಮದೇ ಕಸುಬಿನವರು." ಹಾಗೆಂದು ಆ ಕೈಯನ್ನು ಕಣ್ಣಿಗೊತ್ತಿಕೊಂಡ.

ಚೇತನಾ ಕಿಟಕಿಯ ಕಡೆ ತಿರುಗಿದಳು. ಶಿವಪುತ್ರಪ್ಪನಿಗೆ ನಾಚಿಕೆಯಿಂದ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಹೌದು ಅಂದುಬಿಟ್ಟರೆ ಮುಗಿಯಿತು, ಈ ಮನುಷ್ಯ ಸಮಾಧಾನದಿಂದ ಊರಿಗೆ ಹೋಗುತ್ತಾನೆ, ತನ್ನ ಮರ್ಯಾದೆಯೂ ಉಳಿಯುತ್ತದೆ. ಆದರೆ ಕಣ್ಣಿಗೊತ್ತಿಕೊಂಡ ಕೈಯಲ್ಲಿ ಅವನ ಕಣ್ಣಿನ ಬಿಸಿ ಇನ್ನೂ ಇತ್ತು.

"ಹಂಗಲ್ರಿ," ಅಂದ. "ನಾಕ ಬೆರಳ ಅಗಲ ಸಾಕಿತ್ರಿ. ಡಾಕ್ಟ್ರು ಅಷ್ಟ ಹೇಳಿದ್ರು. ಉಳಿದದ್ದೆಲ್ಲಾ ನಾನ ತಗದೇನ್ರಿ."

ಹಿಡಿದ ಕೈ ಸಡಿಲಾಯಿತು. ಸಿಂಗ್ ತನ್ನ ಗಲ್ಲದ ಮೇಲೆ ಮೆಲ್ಲಗೆ ಬೆರಳಾಡಿಸಿದ.

"ಗಡ್ಡ? ಇಲ್ಲಿ ಗಾಯ ಇರಲಿಲ್ಲವಲ್ಲ."

"ಚಂದ ಕಾಣ್ಲಿ ಅಂತ್ರಿ."

ಸಿಂಗ್ ತಲೆಯ ಮೇಲಿನ ಟವೆಲು ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಮುಖವನ್ನು ಶಿವಪುತ್ರಪ್ಪನ ಕಡೆ ಪೂರ್ತಿ ತಿರುಗಿಸಿದ.

"ನೋಡಿ ಹೇಳಿ. ಚಂದ ಕಾಣ್ತೀನಾ?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ಕೆನ್ನೆಗೆ ಎರಡೇಟು ಹಾಕಿದ್ದರೆ ಶಿವಪುತ್ರಪ್ಪ ಖುಷಿಯಿಂದ ತಿನ್ನುತ್ತಿದ್ದ. ತಲೆ ಎತ್ತಿ ನೋಡಿದ. ಬಿಸಿಲನ್ನೇ ಕಾಣದ ಬಿಳಿಚಿದ ದವಡೆ, ಎಲ್ಲೂ ಒಂದು ಗೀರಿಲ್ಲ, ಮೀಸೆ ಎರಡೂ ಕಡೆ ಸಮ. ಇದಕ್ಕಿಂತ ನಯವಾದ ಕೆಲಸವನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ.

"ಇಲ್ರಿ," ಅಂದ.