ಪಾಠದ ಕಾರಿನಲ್ಲಿ ಬೆಟ್ಟಕ್ಕೆ

ಬೆಟ್ಟಕ್ಕೆ ಹೋಗುವಾಗ ಟ್ರಾಫಿಕ್ಕಿನಿಂದ ತಪ್ಪಿಸಿಕೊಳ್ಳುವ ವಿದ್ಯೆಯಲ್ಲಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರನ್ನು ಮೀರಿಸುವವರು ಇರಲಿಲ್ಲ. ಯಾವ ರಸ್ತೆ ಯಾವ ಹೊತ್ತಿನಲ್ಲಿ ಖಾಲಿ, ಯಾವ ಸೇತುವೆಯ ಹತ್ತಿರ ಲಾರಿಗಳು ಸಾಲುಗಟ್ಟುತ್ತವೆ, ಯಾವ ಪೆಟ್ರೋಲ್ ಬಂಕಿನ ಹಿಂದೆ ಒಳದಾರಿ ಇದೆ, ಎಲ್ಲವೂ ಅವರಿಗೆ ಬಾಯಿಪಾಠ. ಒಂದೇ ಕೊರತೆಯೆಂದರೆ, ಇಷ್ಟೆಲ್ಲ ತಿಳಿದೂ ಅವರು ಇನ್ನೂ ಬೆಟ್ಟದ ತುದಿ ಮುಟ್ಟಿರಲಿಲ್ಲ.

ಎಷ್ಟೇ ಲೆಕ್ಕ ಹಾಕಿ ಹೊರಟರೂ ಎಲ್ಲೋ ಒಂದು ಕಡೆ ಮುಂದಿನ ಕಾರುಗಳು ನಿಂತುಬಿಡುತ್ತಿದ್ದವು. ಮೇಷ್ಟ್ರು ಸ್ವಲ್ಪ ಹೊತ್ತು ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದರು. ಆಮೇಲೆ ಹಲ್ಲು ಕಡಿಯುತ್ತಿದ್ದರು. ಆಮೇಲೆ "ಇದು ಆಗೋ ಮಾತಲ್ಲ" ಎಂದು ಕಾರು ತಿರುಗಿಸುತ್ತಿದ್ದರು. ತಿರುಗಿಸುವುದನ್ನು ಮಾತ್ರ ನೋಡಬೇಕು, ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ಚೆಂದವಾಗಿ ತಿರುಗಿಸಲು ಇನ್ನೊಬ್ಬರಿಗೆ ಸಾಧ್ಯವಿಲ್ಲ. ಪಕ್ಕದಲ್ಲಿ ಕೂತ ಹೆಂಡತಿ ತೊಡೆಯ ಮೇಲಿನ ತಿಂಡಿ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹಾಗೆಯೇ ವಾಪಸು ಬರುತ್ತಿದ್ದಳು. ಬೆಟ್ಟದ ಮೇಲೆ ತಿನ್ನಬೇಕಾದ ತಿಂಡಿಯನ್ನು ಇಬ್ಬರೂ ಮನೆಯ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು.

ಹೆಂಡತಿ ಟೈಲರ್. ಅವಳ ಹೊಲಿಗೆ ಕೋಣೆ ಡ್ರೈವಿಂಗ್ ಸ್ಕೂಲಿನ ಅಂಗಳದ ಪಕ್ಕದಲ್ಲೇ, ಮೊದಲ ಮಹಡಿಯಲ್ಲಿತ್ತು. ಕಿಟಕಿಗೆ ತಾಗಿಕೊಂಡು ಮಷೀನು. ಕೆಳಗೆ ಗಂಡ ಪಾಠ ಹೇಳುವುದು ದಿನವಿಡೀ ಅವಳ ಕಿವಿಗೆ ಬೀಳುತ್ತಿತ್ತು. ಕಲಿಯುವವರು ಗಾಡಿಯನ್ನು ಎಷ್ಟು ಸಲ ಆಫ್ ಮಾಡಲಿ, ಕಾಂಪೌಂಡ್ ಗೋಡೆಗೇ ಗುದ್ದಲಿ, ಆ ದನಿ ಏರಿದ್ದೇ ಇಲ್ಲ.

"ಅವಸರ ಇಲ್ಲಮ್ಮ. ನಿಧಾನಕ್ಕೆ ಕ್ಲಚ್ ಬಿಡಿ. ನಾನಿಲ್ವಾ ಪಕ್ಕದಲ್ಲಿ?"

ಅವಳೂ ಒಂದು ಕಾಲದಲ್ಲಿ ಅದೇ ಅಂಗಳದಲ್ಲಿ ಕಲಿತವಳು. ಆ ದನಿಗೆ ಮನಸೋತೇ ಮದುವೆಗೆ ಹೂಂ ಅಂದಿದ್ದಳು. ಆ ತಾಳ್ಮೆಯೆಲ್ಲ ಫೀಸು ಕಟ್ಟಿದವರಿಗೆ ಮಾತ್ರ ಎಂಬುದು ತಿಳಿದದ್ದು ಮದುವೆಯಾದ ಮೇಲೆ.

ಬೆಟ್ಟದ ಮೇಲೆ ಅವಳ ತಂಗಿ ಒಂದು ಚಿಕ್ಕ ಲಾಡ್ಜ್ ನಡೆಸುತ್ತಿದ್ದಳು. ಅದು ಶುರುವಾದಾಗ ಅಷ್ಟೂ ಕಿಟಕಿಗಳಿಗೆ ಪರದೆ ಹೊಲಿದುಕೊಟ್ಟವಳು ಈ ಅಕ್ಕ. ತಿಳಿ ಹಳದಿ ಬಟ್ಟೆ, ಕೆಳಗೆ ಕೈಯಲ್ಲೇ ಹಾಕಿದ ನೀಲಿ ಅಂಚು. ಹೊಲಿದು, ಇಸ್ತ್ರಿ ಮಾಡಿ, ಬಸ್ಸಿಗೆ ಹಾಕಿ ಕಳಿಸಿದ್ದಳು. ತೂಗುಹಾಕಿದ್ದನ್ನು ಒಂದು ಸಲವೂ ನೋಡಿರಲಿಲ್ಲ. ತಂಗಿ ಫೋಟೋ ಕಳಿಸಿದ್ದಳು, ನಿಜ. ಆದರೆ ಬಟ್ಟೆ ಹೇಗೆ ಬೀಳುತ್ತದೆ, ಗಾಳಿಗೆ ಹೇಗೆ ಅಲುಗುತ್ತದೆ ಅನ್ನುವುದು ಫೋಟೋದಲ್ಲಿ ಕಾಣುತ್ತದೆಯೇ? ಈಗ ತಂಗಿ ಆ ಲಾಡ್ಜನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿದ್ದಳು. ಸೋಮವಾರ ಬೀಗದ ಕೈ ಹೊಸಬರಿಗೆ. ಅವರು ಕಿಟಕಿಗಳನ್ನೇ ಕಿತ್ತು ದೊಡ್ಡ ಗಾಜು ಹಾಕಿಸುತ್ತಾರಂತೆ. ಈ ಭಾನುವಾರ ನೋಡಿದರೆ ನೋಡಿದ ಹಾಗೆ, ಇಲ್ಲದಿದ್ದರೆ ಇಲ್ಲ.

"ಭಾನುವಾರ ಬರ್ತೀವಿ ಕಣೇ," ಎಂದು ಅವಳು ತಂಗಿಗೆ ಫೋನ್ ಮಾಡಿದ್ದಳು.

"ಕಾರು ಯಾರು ಓಡಿಸೋದು, ಭಾವನೇನಾ?"

"ಹೂಂ."

"ಸರಿ ಬಿಡು," ಎಂದಳು ತಂಗಿ. ಮುಂದಿನದನ್ನು ಹೇಳುವ ಅಗತ್ಯವೇ ಇರಲಿಲ್ಲ.

ಅದು ಸಾಲು ರಜೆಯ ಭಾನುವಾರ. ಮನೆಯ ಕಾರು ಗ್ಯಾರೇಜಿನಲ್ಲಿ ಅಂಗಾತ ಬಿದ್ದಿತ್ತು. ಇದ್ದದ್ದು ಪಾಠದ ಕಾರೊಂದೇ. ಅದರ ನೆತ್ತಿಯ ಮೇಲೆ ಕೆಂಪು ಅಕ್ಷರದ ಎಲ್ ಬೋರ್ಡು, ಹಿಂದುಗಡೆ "ಕಲಿಯುತ್ತಿದ್ದೇವೆ, ದೂರವಿರಿ" ಎಂಬ ಬರಹ, ಮೇಷ್ಟ್ರು ಕೂರುವ ಪಕ್ಕದ ಸೀಟಿನ ಮುಂದೆ, ಕಾಲ ಬಳಿ, ಅವರದೇ ಒಂದು ಬ್ರೇಕು. ಬೋರ್ಡು ಬಿಚ್ಚೋಣವೆಂದರೆ ಬೋಲ್ಟಿಗೆ ತುಕ್ಕು ಹಿಡಿದಿತ್ತು. ಮೇಷ್ಟ್ರು ಮುಖ ಸಿಂಡರಿಸಿಕೊಂಡು ಹಾಗೆಯೇ ಹೊರಟರು.

"ಇವತ್ತು ಹೆದ್ದಾರಿ ಕಡೆ ತಲೆ ಹಾಕೋದೇ ಬೇಡ," ಎಂದರು. "ಇಟ್ಟಿಗೆ ಭಟ್ಟಿ ದಾರೀಲಿ ಹೋಗೋಣ. ಆ ದಾರಿ ಇಟ್ಟಿಗೆ ಲಾರಿಯೋರಿಗೆ ಗೊತ್ತು, ನನಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ."

ಇಷ್ಟು ವರ್ಷ ಕಿಟಕಿಯ ಬಳಿ ಕೂತು ಅವಳು ಕೇಳಿದ್ದೇನು ಕಡಿಮೆಯೇ? ಕೊನೆಯ ದಿನದ ಪಾಠ ಮುಗಿದ ಮೇಲೆ ಮೇಷ್ಟ್ರು ಪ್ರತಿಯೊಬ್ಬರಿಗೂ ದನಿ ತಗ್ಗಿಸಿ ಒಂದು ಮಾತು ಹೇಳಿ ಕಳಿಸುತ್ತಿದ್ದರು: "ಬೆಟ್ಟಕ್ಕೆ ಹೋಗೋದಿದ್ರೆ ಇಟ್ಟಿಗೆ ಭಟ್ಟಿ ದಾರಿ ಹಿಡೀರಿ. ಯಾರಿಗೂ ಹೇಳ್ಬೇಡಿ."

ಭಟ್ಟಿಯ ಚಿಮಣಿ ದಾಟಿ ತಿರುವು ತೆಗೆದುಕೊಂಡದ್ದೇ ತಡ, ಮುಂದೆ ಅರ್ಧ ಊರೇ ನಿಂತಿತ್ತು. ಕಾರಿನ ಹಿಂದೆ ಕಾರು, ಕೆಂಪು ಧೂಳಿನಲ್ಲಿ ಮುಳುಗಿ, ಬೆಟ್ಟದ ಬುಡದವರೆಗೂ.

ಮುಂದಿನ ಕಾರಿನಿಂದ ಒಬ್ಬ ಹೆಂಗಸು ತಲೆ ಹೊರಗೆ ಹಾಕಿ ನೋಡಿದಳು. ಎಲ್ ಬೋರ್ಡು ಕಂಡದ್ದೇ ಅವಳ ಮುಖ ಅರಳಿತು.

"ನಮಸ್ಕಾರ ಮೇಷ್ಟ್ರೇ. ನೀವು ಹೇಳಿಕೊಟ್ಟ ದಾರೀನೇ."

ಅದರ ಮುಂದಿನ ಕಾರಿನಿಂದಲೂ ಒಂದು ಕೈ ಮೇಲೆದ್ದಿತು. ಹಿಂದಿನಿಂದ ಒಬ್ಬ ಸಣ್ಣಗೆ ಹಾರ್ನ್ ಹೊಡೆದು, ತಾನೂ ಶಿಷ್ಯನೇ ಎಂದು ಸಾರಿದ. ರಸ್ತೆಯ ಉದ್ದಕ್ಕೂ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳೇ. ಎಲ್ಲರೂ ಕಲಿಸಿದ ಹಾಗೆ ಮುಂದಿನ ಗಾಡಿಯಿಂದ ಹದವಾದ ಅಂತರ ಬಿಟ್ಟು, ಕೈಬ್ರೇಕು ಎಳೆದು, ಅಚ್ಚುಕಟ್ಟಾಗಿ ನಿಂತಿದ್ದರು. ಹೆಂಡತಿಗೆ ನಗು ಉಕ್ಕಿ ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮೇಷ್ಟ್ರಿಗೆ ನಗು ಬರಲಿಲ್ಲ. ಬೆರಳು ಸ್ಟೀರಿಂಗ್ ಕುಟ್ಟತೊಡಗಿತು. ಹಲ್ಲು ಕಡಿದ ಸದ್ದೂ ಕೇಳಿಸಿತು. ಇನ್ನೇನು ಆ ಮಾತು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು, ಬಂತು.

"ಇದು ಆಗೋ ಮಾತಲ್ಲ," ಎಂದು ಅವರು ರಿವರ್ಸ್ ಗೇರಿಗೆ ಕೈ ಹಾಕಿದರು.

ಹಳದಿ ಬಟ್ಟೆಯನ್ನು ಕತ್ತರಿಸಿದ ದಿನ, ನೀಲಿ ಅಂಚು ಹಾಕುವಾಗ ಸೂಜಿ ಚುಚ್ಚಿದ ಬೆರಳು, ಎಲ್ಲ ನೆನಪಾಗಿ ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಡಬ್ಬಿಯನ್ನು ಹಿಂದಿನ ಸೀಟಿಗೆ ಎತ್ತಿಟ್ಟಳು.

"ರೀ, ಇಳೀರಿ."

"ಯಾಕೆ?"

"ನಾನು ಓಡಿಸ್ತೀನಿ. ನೀವು ಈ ಕಡೆ ಬನ್ನಿ."

"ಬಟ್ಟೆ ಅಂಗಡಿಗೆ ಹೋಗಿಬಂದ ಹಾಗಲ್ಲ ಇವಳೇ, ಮುಂದೆ ಘಾಟಿ ಇದೆ."

"ಘಾಟಿ ಬರ್ಲಿ. ನೀವು ಪಾಠ ಹೇಳಿ. ಬೇಕಾದ್ರೆ ಫೀಸು ಕೊಡ್ತೀನಿ."

ಮೇಷ್ಟ್ರು ಅವಳ ಮುಖ ನೋಡಿದರು. ಇಳಿದು, ಸುತ್ತಿಕೊಂಡು ಬಂದು, ದಿನವೂ ಕೂರುವ ಸೀಟಿನಲ್ಲಿ ಕೂತರು.

ಕೂತದ್ದೇ ಅವರು ಬೇರೆಯೇ ಮನುಷ್ಯನಾದರು. ಭುಜ ಕೆಳಗಿಳಿಯಿತು. ಬೆರಳುಗಳು ಮೊಣಕಾಲಿನ ಮೇಲೆ ತಣ್ಣಗೆ ಮಲಗಿದವು. ಕಾಲು ತಾನಾಗಿ ತನ್ನ ಬ್ರೇಕನ್ನು ಹುಡುಕಿಕೊಂಡಿತು. ಮುಂದೆ ನಿಂತ ಸಾಲು ಈಗ ಅವರಿಗೆ ಕಾಟವಾಗಿ ಕಾಣಲಿಲ್ಲ, ಪಾಠವಾಗಿ ಕಂಡಿತು.

"ಮುಂದಿನ ಗಾಡಿ ಹೊರಟಿತು ಅಂತ ನಾವು ಹಾರಬಾರದು," ಎಂದರು. "ಅದು ಸ್ವಲ್ಪ ಹೋಗ್ಲಿ. ಆಮೇಲೆ ನಿಧಾನಕ್ಕೆ."

ಸಾಲು ತೆವಳಿತು, ನಿಂತಿತು, ಮತ್ತೆ ತೆವಳಿತು. ಮೇಷ್ಟ್ರು ಒಮ್ಮೆಯೂ ಗಡಿಯಾರ ನೋಡಲಿಲ್ಲ. ಅವಳಿಗೆ ಚಹಾ ಬೇಕೇ ಎಂದು ಕೂಡ ಕೇಳಿದರು, ಫ್ಲಾಸ್ಕಿನ ಮುಚ್ಚಳಕ್ಕೆ ತಾವೇ ಬಗ್ಗಿಸಿಕೊಟ್ಟರು.

ಘಾಟಿಯಲ್ಲಿ ಎಲ್ ಬೋರ್ಡು ತನ್ನ ಮಹಿಮೆ ತೋರಿಸಿತು. ಹಿಂದೆ ಬಂದವರು ಬೋರ್ಡು ನೋಡಿ ಹತ್ತಿರ ಸುಳಿಯಲಿಲ್ಲ. ಎದುರಿನಿಂದ ಇಳಿದು ಬಂದವರು ಬದಿಗೆ ಸರಿದು, ಜೀವ ಕೈಯಲ್ಲಿ ಹಿಡಿದುಕೊಂಡು ಕಾದರು. ಅಷ್ಟು ದಟ್ಟಣೆಯ ನಡುವೆಯೂ ಅವರ ಕಾರಿನ ಸುತ್ತ ಒಂದು ಅಂಗಳದಷ್ಟು ಜಾಗ ಸದಾ ಖಾಲಿ ಇತ್ತು.

"ಟ್ರಾಫಿಕ್ ತಪ್ಪಿಸೋ ಉಪಾಯ ಇಷ್ಟು ದಿನ ನಮ್ಮ ತಲೆ ಮೇಲೇ ಇತ್ತಲ್ರೀ," ಎಂದಳು ಅವಳು. ಮೇಷ್ಟ್ರಿಗೆ ಈಗ ನಗು ಬಂತು.

ಕೊನೆಯ ಕಡಿದಾದ ತಿರುವಿನಲ್ಲಿ ಕಾರು ಆಫ್ ಆಯಿತು. ಹಿಂದೆ ಹಾರ್ನುಗಳು ಶುರುವಾದವು. ಅವಳು ಮತ್ತೆ ಸ್ಟಾರ್ಟ್ ಮಾಡಿದಳು, ಮತ್ತೆ ಆಫ್. ಈಗ ಇವರ ತಾಳ್ಮೆ ಮುಗಿಯಿತು ಎಂದುಕೊಂಡು ಪಕ್ಕಕ್ಕೆ ನೋಡಲೂ ಹೆದರಿದಳು.

"ಅವಸರ ಇಲ್ಲ," ಎಂದಿತು ಆ ದನಿ. "ಹಿಂದಿನೋರು ಕಾಯ್ಲಿ. ನಿಧಾನಕ್ಕೆ ಕ್ಲಚ್ ಬಿಡು. ನಾನಿಲ್ವಾ ಪಕ್ಕದಲ್ಲಿ?"

ಕಿಟಕಿಯ ಬಳಿ ಕೂತು ಇಷ್ಟು ವರ್ಷ ಕೇಳಿಸಿಕೊಂಡ, ಊರವರ ಪಾಲಿನ ಮಾತು. ಅವಳ ಕಣ್ಣು ಮಂಜಾಯಿತು. ಒರೆಸಿಕೊಂಡು ಕ್ಲಚ್ ಬಿಟ್ಟಳು, ಕಾರು ಏರಿತು.

ಲಾಡ್ಜಿನ ಮುಂದೆ ಕಾರು ನಿಂತಾಗ ತಂಗಿ ಹೊರಗೆ ಬಂದು, ಸ್ಟೀರಿಂಗ್ ಹಿಡಿದ ಅಕ್ಕನನ್ನೂ ಪಕ್ಕದ ಭಾವನನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಅಕ್ಕನ ಕಣ್ಣು ಮಾತ್ರ ಅವಳ ಹಿಂದಿನ ಕಿಟಕಿಗಳ ಮೇಲಿತ್ತು. ಒಂದಕ್ಕೂ ಪರದೆ ಇರಲಿಲ್ಲ.

"ಬೆಳಿಗ್ಗೇನೇ ಬಿಚ್ಚಿ ಗಂಟು ಕಟ್ಟಿದೆ ಅಕ್ಕಾ," ಎಂದಳು ತಂಗಿ. "ಬಸ್ಸಿಗೆ ಹಾಕಿ ನಿನಗೇ ಕಳಿಸೋಣ ಅಂತ. ನೀವು ನಿಜವಾಗ್ಲೂ ಬರ್ತೀರಿ ಅಂತ..."

ಯಾರೂ ಯಾರನ್ನೂ ದೂರಲಿಲ್ಲ. ಆದರೂ ಮೇಷ್ಟ್ರ ಮುಖ ಸಣ್ಣದಾಯಿತು. ಅರ್ಧ ದಾರಿಯಿಂದ ಕಾರು ತಿರುಗಿಸಿದ ಅಷ್ಟೂ ಭಾನುವಾರಗಳು ಆ ಗಂಟಿನಲ್ಲಿ ಮಡಚಿ ಕೂತಿದ್ದವು, ಅವರಿಗೆ ನಾಚಿಕೆಯಾಯಿತು.

"ಸ್ಟೂಲು ಎಲ್ಲಿದೆ?" ಎಂದು ಕೇಳಿದರು.

"ಭಾವ, ನಾಳೆ ಮತ್ತೆ ಬಿಚ್ಚಬೇಕು ಅಷ್ಟೇ."

"ಬಿಚ್ಚಿದ್ರಾಯ್ತು."

ಅವರು ಒಳಗೆ ಹೋಗಿ ಗಂಟು ಬಿಚ್ಚಿ, ಸ್ಟೂಲು ಹತ್ತಿ, ಮೊದಲನೆಯ ಕಿಟಕಿಯ ಸರಳಿಗೆ ಪರದೆಯ ಬಳೆಗಳನ್ನು ಒಂದೊಂದಾಗಿ ಪೋಣಿಸಿದರು. ಹೆಂಡತಿ ಮಂಚದ ಅಂಚಿನಲ್ಲಿ ಕೂತು, ಸ್ವಲ್ಪ ಆ ಕಡೆ, ಇನ್ನೂ ಸ್ವಲ್ಪ, ಅಂಚು ಸೊಟ್ಟಗಿದೆ, ಮತ್ತೆ ತೆಗೀರಿ, ಎಂದು ಹೇಳುತ್ತಿದ್ದಳು. ಅವರು ತೆಗೆದು ಮತ್ತೆ ಹಾಕಿದರು. ಬೆಟ್ಟದ ಗಾಳಿ ಬೀಸಿದಾಗ ಹಳದಿ ಬಟ್ಟೆ ಹೊಟ್ಟೆ ಉಬ್ಬಿಸಿಕೊಂಡು, ನೀಲಿ ಅಂಚನ್ನು ಎಳೆದುಕೊಂಡು, ಕಿಟಕಿಗೆ ಮರಳಿತು. ತಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬೀಳುತ್ತಿದೆ ಎಂದು ಅವಳಿಗೆ ಅನಿಸಿತು. ನೋಡುತ್ತ ಕೂತಳು.

ತಂಗಿ ಗಡಿಯಾರ ನೋಡಿದಳು. "ಭಾವ, ಈಗ್ಲೇ ಹೊರಡದಿದ್ರೆ ಇಳಿಯೋವಾಗ ಟ್ರಾಫಿಕ್ಕಿಗೆ ಸಿಕ್ಕಿಹಾಕ್ಕೋತೀರಿ."

"ಸಿಕ್ಕಿಹಾಕ್ಕೊಂಡ್ರೆ ಆಯ್ತು," ಎಂದರು ಮೇಷ್ಟ್ರು. ಸ್ಟೂಲನ್ನು ಎತ್ತಿಕೊಂಡು ಮುಂದಿನ ಕಿಟಕಿಯ ಕಡೆ ನಡೆದರು. "ಓಡಿಸೋದು ನಿಮ್ಮಕ್ಕ. ಅವಳು ನೋಡಿ ಮುಗಿಸ್ಲಿ, ಅವಸರ ಇಲ್ಲ."