ಆರಿಸಿದ ಬೆಟ್ಟ

ಯೆಹೂದಿಗಳ ದಾಯಾದಿಗಳಾದ ಗೆರಿಜೀಮ್ ಬೆಟ್ಟದ ಸಮಾರ್ಯರಲ್ಲಿ ಹೊರಗಿನ ಹುಡುಗಿ ಸೊಸೆಯಾಗಬೇಕಾದರೆ ಅರ್ಚಕ ಅಬೀಶಜ್ಜನ ಎದುರು ಕೂತು ಧರ್ಮಶಾಸ್ತ್ರ ಒಪ್ಪಿಸಬೇಕು. ಉಕ್ರೇನಿನಿಂದ ಬಂದ ಸೊಲೊಮಿಯಾಗೆ ಅಜ್ಜನಿಗಿಂತ ಭಾವಿ ಅತ್ತೆ ನಜ್ಲಾಳ ಭಯವೇ ಹೆಚ್ಚು. ಚಳಿಗಾಲವಿಡೀ ನಜ್ಲಾ ಎಳ್ಳು ಹುರಿಯುತ್ತ ಪಾಠ ಹೇಳಿಕೊಟ್ಟಿದ್ದಳು, ತಪ್ಪಿದಾಗ ಸೌಟು ತೋರಿಸಿದ್ದಳು. ಒಂದು ದಿನವಾದರೂ ‘ನೀನು ನಮ್ಮವಳು’ ಅಂದವಳಲ್ಲ. ಮಗ ಗೈತ್ ಹುಡುಗಿಗೆ ಮನಸೋತಿದ್ದ, ಸರಿ, ತಾಯಿಯ ಮನಸ್ಸು? ಬೇಡದ ಸೊಸೆಯಾಗಿ ಬಾಳುವುದಕ್ಕಿಂತ ಊರಿಗೆ ಮರಳುವುದೇ ಮೇಲೆಂದು ಸೊಲೊಮಿಯಾ ಒಳಗೊಳಗೇ ತೀರ್ಮಾನಿಸಿದ್ದಳು.

“ಅಬ್ರಹಾಮ ಇಸಾಕನ್ನ ಬಲಿಗೆ ಕರ್ಕೊಂಡ್ ಬಂದಿದ್ದೆಲ್ಲಿಗೆ?” ಅಜ್ಜ ಶುರು ಮಾಡಿದ. ನಜ್ಲಾ, ಗೈತ್ ಇಬ್ಬರೂ ಗೋಡೆ ಬದಿ ಕೂತಿದ್ದರು.

“ಈ ಬೆಟ್ಟಕ್ಕೇ, ಅಜ್ಜ.”

“ಯೆಹೋಶುವನ ಕಾಲ್ದಲ್ಲಿ ಆಶೀರ್ವಾದ ಕೂಗಿದ್ದು?”

“ಇಲ್ಲಿಂದಾನೇ. ಶಾಪ ಎದುರಿನ ಏಬಾಲ್ ಬೆಟ್ಟದಿಂದ.”

“ನಮ್ಮ ಗುಡಿ ಕೆಡವಿದ್ಮೇಲೆ ಹಿರಿಯರು ಏನ್ಮಾಡಿದ್ರು?”

“ಬೆಟ್ಟ ಬಿಟ್ಟು ಹೋಗ್ಲಿಲ್ಲ.”

ಅಜ್ಜನ ಗಡ್ಡ ಮೆಚ್ಚಿ ಅಲ್ಲಾಡಿತು. “ಹಾಗಾದ್ರೆ ಆ ಸ್ಥಳದ ವಚನ ಹೇಳಿಬಿಡು.”

“ನಿಮ್ಮ ದೇವರು ಆರಿಸುವ ಸ್ಥಳದಲ್ಲಿ...”

ಗೈತ್ ಕಣ್ಣು ಮುಚ್ಚಿಕೊಂಡ. ಬೆಳಿಗ್ಗೆ ಗಾಬರಿಯಲ್ಲಿ ಫೋನಿನಲ್ಲಿ ಓದಿದ ಯೆಹೂದಿಗಳ ಪಾಠ ಹುಡುಗಿಯ ಬಾಯಿಗೆ ಬಂದುಬಿಟ್ಟಿತ್ತು. ಅವರ ಪುಸ್ತಕದಲ್ಲಿ ದೇವರು ಮುಂದೆಂದೋ ಆರಿಸುವ ಸ್ಥಳ; ಅದು ಯೆರೂಸಲೇಮ್ ಎನ್ನುತ್ತಾರೆ. ನಮ್ಮದರಲ್ಲಿ ಆಗಲೇ ಆರಿಸಿದ ಸ್ಥಳ, ಈ ಬೆಟ್ಟ. ಎರಡು ಸಾವಿರ ವರ್ಷಕ್ಕೂ ಮೇಲೆ ಅಣ್ಣತಮ್ಮಂದಿರು ಮುಖ ತಿರುಗಿಸಿಕೊಂಡು ಕೂತಿರುವುದು ಹೀಬ್ರೂವಿನ ಇದೊಂದು ಅಕ್ಷರದ ಮೇಲೆ. ಪುಣ್ಯಾತ್ಗಿತ್ತಿ ನೆಟ್ಟಗೆ ಹೋಗಿ ಅದನ್ನೇ ತುಳಿದಳು.

ಅಜ್ಜ ಪುಸ್ತಕ ಮುಚ್ಚಿದ. “ಇನ್ನೊಂದ್ವರ್ಷ ಕಲೀಲಿ. ನಿಂಗೂ ಒಳ್ಳೇದೇ ನಜ್ಲಾ, ನಿಧಾನಕ್ಕೆ ಯೋಚ್ನೆ ಮಾಡಿ ಸೊಸೆನ ಆರಿಸ್ಕೊಳ್ಬಹುದು.”

ಸೊಲೊಮಿಯಾ ನಜ್ಲಾಳತ್ತ ತಿರುಗಿದಳು. ಅತ್ತೆ ‘ಹೂಂ’ ಅಂದರೆ ಇಲ್ಲಿಗೆ ಮುಗಿಯಿತು.

“ಆರಿಸ್ಕೊಳ್ಳೋದೇನ್ ಬಂತು ಮಣ್ಣು!” ನಜ್ಲಾ ಸಿಡಿದಳು. “ಆರಿಸಾಗಿದೆ! ಬಂದ್ ದಿನ ನಾನು ಉಪ್ಪು ಹಾಕೋದು ಮರ್ತಿದ್ದ ಬೇಳೆಸಾರನ್ನ ಕಮಕ್ ಕಿಮಕ್ ಅನ್ದೆ ಎರಡು ಬಟ್ಲು ಕುಡಿದ್ಲು. ಆವತ್ತೇ ಆರಿಸಾಯ್ತು!”

ಅಂದವಳೇ ನಾಲಿಗೆ ಕಚ್ಚಿಕೊಂಡು ತಲೆವಸ್ತ್ರ ಸರಿಮಾಡಿಕೊಂಡಳು. ಕೆನ್ನೆ ಕೆಂಪಾಗಿತ್ತು.

ಅಜ್ಜ ಗಡ್ಡ ನೀವಿಕೊಂಡು, ಪುಸ್ತಕವನ್ನು ಮತ್ತೆ ಬಿಚ್ಚಿದ. “ಕೇಳಿಸ್ತೇನೇ ಹುಡ್ಗೀ? ಈಗ ಇನ್ನೊಂದ್ಸಲ ಹೇಳು.”

“ಆರಿಸಿದ...” ಎನ್ನುವಷ್ಟರಲ್ಲಿ ಸೊಲೊಮಿಯಾಗೆ ಅಳು ಒತ್ತರಿಸಿ ಬಂತು.

ನಜ್ಲಾ ಅವಳ ಪಕ್ಕಕ್ಕೆ ಸರಿದು ಕೂತು ಕೈ ಹಿಡಿದಳು. “ಅತ್ಕೊಂಡ್ ಹೇಳ್ಬೇಡ ಮಗಳೇ, ಜೋರಾಗ್ ಹೇಳು. ಅಜ್ಜಂಗೆ ಕಿವಿ ಮಂದ.”