ಕೊನೆಯವನ ಸೈಕಲ್

ಸೈಕಲ್ ರೇಸಿನಲ್ಲಿ ಮೊದಲು ಬಂದವನನ್ನು ಊರೆಲ್ಲ ನೋಡುತ್ತದೆ. ಕೊನೆಗೆ ಬಂದವನನ್ನು ಅವನ ಮೆಕ್ಯಾನಿಕ್ ಮಾತ್ರ ನೋಡುತ್ತಾನೆ. ಈ ಮೆಕ್ಯಾನಿಕ್ ಹಾಗೆ ನೋಡುತ್ತ ಬಂದದ್ದು ಸ್ವಂತ ತಮ್ಮನನ್ನು. ತಂಡದವರು ತಮ್ಮನಿಗೆ ಬಾಲಂಗೋಚಿ ಎಂದು ಹೆಸರಿಟ್ಟಿದ್ದರು. ಬಾಲಂಗೋಚಿ ಇಲ್ಲದಿದ್ದರೆ ಗಾಳಿಪಟ ಮೇಲೇರುವುದಿಲ್ಲ ಎಂದು ಅಣ್ಣ ಒಮ್ಮೆ ಊಟದ ಮೇಜಿನಲ್ಲಿ ಸಿಡುಕಿದ್ದ. ತಮ್ಮನೊಬ್ಬನೇ ಜೋರಾಗಿ ನಕ್ಕ.

ತಮ್ಮನ ಕೆಲಸವೇ ಅಂಥದ್ದು. ತಂಡದ ನಾಯಕನಿಗೆ ಗಾಳಿ ತಾಗದಂತೆ ಮುಂದೆ ಮುಂದೆ ತುಳಿಯಬೇಕು. ನಾಯಕನಿಗೆ ಬಾಯಾರಿದರೆ ಹಿಂದೆ ಬರುವ ತಂಡದ ಕಾರಿಗೆ ಬಂದು ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ಮತ್ತೆ ಮುಂದಕ್ಕೆ ಒಯ್ಯಬೇಕು. ಗುಡ್ಡದ ಬುಡ ಬರುವ ಹೊತ್ತಿಗೆ ಉಸಿರೆಲ್ಲ ಖರ್ಚಾಗಿರುತ್ತದೆ, ಆಗ ಹಿಂದೆ ಬೀಳಬೇಕು. ಮೀಸೆ ಚಿಗುರಿದಾಗ ಶುರು ಮಾಡಿ ಕಿವಿಯ ಹತ್ತಿರ ನರೆ ಕಾಣಿಸಿಕೊಳ್ಳುವವರೆಗೂ ಅವನು ಮಾಡಿದ್ದು ಇಷ್ಟೇ. ಒಂದು ರೇಸನ್ನೂ ಗೆದ್ದವನಲ್ಲ.

ಈಗ ಮೊಣಕಾಲು ಕೈಕೊಟ್ಟಿತ್ತು. ದಿನಗಟ್ಟಲೆ ನಡೆಯುವ ಈ ದೊಡ್ಡ ರೇಸೇ ತನ್ನ ಕೊನೆಯದು ಎಂದು ಅವನೇ ಹೇಳಿದ್ದ. ಅವನಿಗಿದ್ದ ಆಸೆಯೂ ದೊಡ್ಡದಲ್ಲ. ಕೊನೆಯ ದಿನದ ಮುಕ್ತಾಯದ ಗೆರೆಯ ಹತ್ತಿರ ಹೆಂಡತಿ, ಮಗಳು ಬಂದು ನಿಂತಿರುತ್ತಾರೆ. ಅವರ ಕಣ್ಣೆದುರಿಗೆ ಗೆರೆ ದಾಟಬೇಕು, ಎಷ್ಟನೆಯವನಾಗಿಯಾದರೂ ಸರಿ. ಆದರೆ ಈ ಆಟದ ನಿಯಮ ಬಲು ನಿರ್ದಯಿ. ಆ ದಿನ ಗೆದ್ದವನು ತಲುಪಿದ ಮೇಲೆ ಗೊತ್ತುಮಾಡಿದ ಹೊತ್ತಿನೊಳಗೆ ಬಾರದವನನ್ನು ಅವತ್ತೇ ಗಂಟುಮೂಟೆ ಕಟ್ಟಿಸಿ ಮನೆಗೆ ಕಳಿಸುತ್ತಾರೆ. ಮೊದಲ ಗುಡ್ಡದ ದಿನವೇ ತಮ್ಮ ಕೂದಲೆಳೆಯಲ್ಲಿ ಬಚಾವಾದ. ಆ ಸಂಜೆ ಮಸಾಜಿನ ಮೇಜಿನ ಮೇಲೆ ಬೋರಲು ಬಿದ್ದುಕೊಂಡು ಅತ್ತ. ದಿಂಬಿಗೆ ಮುಖ ಒತ್ತಿದ್ದರೆ ಕೇಳಿಸುವುದಿಲ್ಲ ಎಂದುಕೊಂಡಿದ್ದ. ಬಾಗಿಲ ಬಳಿ ಬೂಟು ಹಿಡಿದು ನಿಂತಿದ್ದ ಅಣ್ಣನಿಗೆ ಕೇಳಿಸಿತು.

ಅಣ್ಣನ ಪೆಟ್ಟಿಗೆಯ ತಳದಲ್ಲಿ ಒಂದು ಮೋಟಾರು ಬಿದ್ದಿತ್ತು. ಕೆಲಸ ಬಿಟ್ಟು ಹೋದ ಇನ್ನೊಂದು ತಂಡದ ಮುದುಕ ಮೆಕ್ಯಾನಿಕ್ ಅದನ್ನು ತಮಾಷೆಯ ವಸ್ತು ಎಂಬಂತೆ ಕೈಗಿಟ್ಟು ಹೋಗಿದ್ದ. ಮೇಣದಬತ್ತಿಯಷ್ಟು ಉದ್ದ, ಬ್ಯಾಟರಿಯೂ ಅಷ್ಟೇ. ಸೀಟಿನ ಕೆಳಗಿನ ಕೊಳವೆಯೊಳಗೆ ಇಳಿಸಿದರೆ ಪೆಡಲಿನ ಅಚ್ಚನ್ನು ಒಳಗಿಂದಲೇ ಮೆಲ್ಲಗೆ ತಿರುಗಿಸುತ್ತದೆ. ಕಾರಿನ ಕೀಲಿಯಷ್ಟು ಪುಟ್ಟ ರಿಮೋಟನ್ನು ಹಿಂದಿನ ಕಾರಿನಲ್ಲಿ ಕೂತು ಒತ್ತಿದರಾಯಿತು. ತೂಕದ ಭಯವೂ ಇರಲಿಲ್ಲ. ಈಗಿನ ಸೈಕಲ್ಲುಗಳು ನಿಯಮ ಕೇಳುವ ಕನಿಷ್ಠ ತೂಕಕ್ಕಿಂತ ಹಗುರ. ಆದ್ದರಿಂದ ಮೆಕ್ಯಾನಿಕ್ಕುಗಳೇ ಕೊಳವೆಯೊಳಗೆ ಸೀಸದ ತುಂಡು ಹಾಕಿ ತೂಕ ಸರಿದೂಗಿಸುತ್ತಾರೆ. ಅಣ್ಣ ಸೀಸ ತೆಗೆದ, ಮೋಟಾರು ಇಟ್ಟ. ತಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಸೈಕಲ್ಲನ್ನೇ ಮೋರಿಗೆ ಎಸೆಯುತ್ತಿದ್ದ.

ಮೋಟಾರಿನ ಗುಮಾನಿ ಈ ಆಟಕ್ಕೆ ಅಂಟಿದ ಜಾಡ್ಯ. ಯಾರಾದರೂ ಏದುಸಿರು ಬಿಡದೆ ಬಾಯಿ ಮುಚ್ಚಿಕೊಂಡು ಗುಡ್ಡ ಹತ್ತಿದರೆ ಸಾಕು, ಸಂಜೆಗೆ ಗುಸುಗುಸು ಏಳುತ್ತದೆ. ಅದಕ್ಕೆಂದೇ ತಪಾಸಣೆಯ ಹೆಂಗಸೊಬ್ಬಳಿದ್ದಳು. ಎಲ್ಲರೂ ಹದ್ದಕ್ಕ ಎನ್ನುತ್ತಿದ್ದರು. ಕೈಯಲ್ಲಿ ಸ್ಲೇಟಿನಂಥ ಒಂದು ಯಂತ್ರ. ಸೈಕಲ್ಲಿನ ಮೈಮೇಲೆ ಸವರಿದರೆ ಒಳಗಿನ ಅಯಸ್ಕಾಂತದ ಸುಳಿವು ಪರದೆಯ ಮೇಲೆ ಮೂಡುತ್ತದೆ. ಆದರೆ ಹದ್ದಕ್ಕನಿಗೂ ಇರುವುದು ಎರಡೇ ಕೈ. ಅವಳು ನೋಡುವುದು ಗೆದ್ದವರ ಸೈಕಲ್ಲು, ಗೆಲ್ಲಬಹುದಾದವರ ಸೈಕಲ್ಲು. ಬಾಲಂಗೋಚಿಯ ಸೈಕಲ್ಲಿನ ಮೇಲೆ ಯಾವ ಹುಚ್ಚನಿಗೆ ಅನುಮಾನ ಬರುತ್ತದೆ? ಅಣ್ಣನ ಲೆಕ್ಕಾಚಾರವೆಲ್ಲ ನಿಂತದ್ದು ಇದೊಂದರ ಮೇಲೆ. ಕೊನೆಯವನು ಕೊನೆಯವನಾಗಿಯೇ ಇರಬೇಕು, ಹೊತ್ತು ಮೀರದಂತೆ ಬಂದರೆ ಸಾಕು.

ಹೀಗೆ ಹಿಂದಿನಿಂದ ಹಿಡಿದುಕೊಳ್ಳುವುದು ಅವನಿಗೆ ಹೊಸದಲ್ಲ. ತಮ್ಮನಿಗೆ ಸೈಕಲ್ ಕಲಿಸಿದವನೇ ಅವನು. ಮನೆಯ ಹಿಂದಿನ ಇಳಿಜಾರಿನಲ್ಲಿ ಸೀಟು ಹಿಡಿದುಕೊಂಡು ಓಡುತ್ತಿದ್ದ. "ಬಿಡಬೇಡ ಅಣ್ಣಾ" ಎಂದು ಹುಡುಗ ಕಿರುಚಿದರೆ, "ಹಿಡ್ಕೊಂಡೇ ಇದೀನಿ ಕಣೋ" ಎಂದು ಕೂಗುತ್ತಿದ್ದ. ಒಂದು ದಿನ ಹಾಗೆ ಕೂಗುತ್ತಲೇ ಕೈಬಿಟ್ಟ. ಹುಡುಗ ತಿರುವಿನವರೆಗೂ ಹೋಗಿ, ಹಿಂತಿರುಗಿ ನೋಡಿ, ದೂರದಲ್ಲಿ ಬರಿಗೈಯಲ್ಲಿ ನಿಂತ ಅಣ್ಣನನ್ನು ಕಂಡು, "ನಾನೇ ಹೊಡೀತಿದೀನಾ?" ಎಂದು ಕೂಗಿದ. "ನೀನೇ ಕಣೋ!" ಎಂದ ಅಣ್ಣ. ಹುಡುಗ ನಗುತ್ತ ನಗುತ್ತಲೇ ಬೇಲಿಗೆ ಗುದ್ದಿದ.

ಮುಂದಿನ ಗುಡ್ಡಗಳಲ್ಲಿ ಅಣ್ಣ ರಿಮೋಟಿನ ಗುಂಡಿ ಒತ್ತಿದ. ಎಷ್ಟು ಬೇಕೋ ಅಷ್ಟೇ, ಬೆನ್ನ ಮೇಲೆ ಅಂಗೈ ಇಟ್ಟಷ್ಟು. ತಮ್ಮ ಹೊತ್ತಿನೊಳಗೆ ಬಂದ. ಮೊಣಕಾಲಿಗೆ ಹಚ್ಚುತ್ತಿದ್ದ ಹೊಸ ಮುಲಾಮು ಕೆಲಸ ಮಾಡಿತು ಎಂದುಕೊಂಡ. ಅನ್ನ ಸೇರತೊಡಗಿತು, ಗಡ್ಡ ಹೆರೆಯುವಾಗ ಗುನುಗತೊಡಗಿದ. ಒಂದು ಸಂಜೆಯಂತೂ ತಂಡದ ಲಾರಿಗೆ ಬಂದು ಅಣ್ಣನ ಎದುರು ಡಬ್ಬ ಬೋರಲು ಹಾಕಿಕೊಂಡು ಕೂತವನು ಏಳಲೇ ಇಲ್ಲ. ಮಗಳ ಮಾತು, ಮೊಣಕಾಲಿನ ಮಾತು, ರೇಸು ಬಿಟ್ಟ ಮೇಲೆ ಇಬ್ಬರೂ ಸೇರಿ ತೆರೆಯಬೇಕಾದ ಅಂಗಡಿಯ ಮಾತು. "ಅಣ್ಣಾ, ಕಾಲು ವಾಪಸ್ ಬಂತು ಕಣೋ," ಎಂದ. ಅಣ್ಣ ಚೈನಿಗೆ ಎಣ್ಣೆ ಬಿಡುತ್ತ ತಲೆ ತಗ್ಗಿಸಿಯೇ ಇದ್ದ. ತಮ್ಮ ಎದುರಿಗೆ ಕೂತಿದ್ದರಿಂದ ಅವತ್ತು ಬ್ಯಾಟರಿ ತೆಗೆದು ಚಾರ್ಜಿಗೆ ಹಾಕಲು ಆಗಲಿಲ್ಲ.

ಮರುದಿನ ಆಗಬಾರದ್ದು ಆಯಿತು. ಕಾಲು ಬಂದಿದೆ ಎಂದು ನಂಬಿದವನು ಸುಮ್ಮನೆ ಹಿಂದೆ ಕೂರುತ್ತಾನೆಯೇ? ಬೆಳಗ್ಗೆಯೇ ಗುಂಪು ಬಿಟ್ಟು ಓಡಿದ ಕೆಲವರ ಜೊತೆ ತಮ್ಮನೂ ಸೇರಿಕೊಂಡ. ಬಾಲಂಗೋಚಿ ತಾನೆ, ಹೋಗಲಿ ಬಿಡು ಎಂದು ದೊಡ್ಡವರು ಯಾರೂ ಬೆನ್ನಟ್ಟಲಿಲ್ಲ. ಕೊನೆಯ ಗುಡ್ಡದಲ್ಲಿ ಜೊತೆಯವರು ಒಬ್ಬೊಬ್ಬರಾಗಿ ಉದುರಿದರು. ಇವನು ಉದುರಲಿಲ್ಲ.

ಗೆದ್ದವನ ಸೈಕಲ್ಲು ನೇರ ಹದ್ದಕ್ಕನ ಕೈಗೆ. ಹಿಂದಿನ ಕಾರಿನಲ್ಲಿದ್ದ ಅಣ್ಣ ವೈರ್‌ಲೆಸ್ ಕಸಿದುಕೊಂಡು, "ಸಾಕು ಬಿಡೋ, ನಾಳೆಗೆ ಕಾಲು ಉಳಿಸ್ಕೋ, ನಿಧಾನ ಮಾಡು," ಎಂದ.

ಕಾರು ಓಡಿಸುತ್ತಿದ್ದ ಮ್ಯಾನೇಜರ್ ಅವನ ಕೈಯಿಂದ ಅದನ್ನು ಕಿತ್ತುಕೊಂಡ. "ನಿಂಗೇನು ತಲೆ ಕೆಟ್ಟಿದೆಯಾ? ಜನ್ಮದಲ್ಲಿ ಒಂದ್ಸಲ ಮುಂದಿದಾನೆ!"

ವೈರ್‌ಲೆಸ್ಸಿನಲ್ಲಿ ಏದುಸಿರಿನ ನಡುವೆ ತಮ್ಮನ ದನಿ ಬಂತು. "ಅಣ್ಣಾ, ಇವತ್ತು ಕಾಲು ನನ್ನ ಮಾತು ಕೇಳ್ತಿದೆ!"

ಅಣ್ಣ ಅವತ್ತು ಒಮ್ಮೆಯೂ ಒತ್ತಿರದ ರಿಮೋಟನ್ನು ಜೇಬಿನಿಂದ ತೆಗೆದು ಕಾಲ ಬಳಿಯ ಸ್ಪ್ಯಾನರ್ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ. ಗುಂಡಿ ಒತ್ತದಿದ್ದರೆ ಅವನು ಸೋಲುತ್ತಾನೆ, ಸೋತರೆ ಉಳಿಯುತ್ತಾನೆ ಎಂಬುದು ಆಗ ಅವನ ಲೆಕ್ಕ. ಆದರೆ ತಮ್ಮ ಸೋಲಲಿಲ್ಲ. ಹೆಗಲು ತೂಗುತ್ತ, ನೋಯುವ ಮೊಣಕಾಲು ಹೊರಕ್ಕೆ ಚಾಚುತ್ತ, ಕುರೂಪವಾಗಿ ತುಳಿಯುತ್ತಲೇ ಹೋದ. ಅದು ಅವನದೇ ತುಳಿತ, ಅಣ್ಣನಿಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ. ಗೆರೆ ಕಣ್ಣಿಗೆ ಬಿದ್ದಾಗ ಅಣ್ಣನಿಗೆ ಹೆದರಿಕೆ, ಮೋಟಾರು, ಹದ್ದಕ್ಕ ಎಲ್ಲ ಮರೆತುಹೋಯಿತು. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, "ನೀನೇ ಕಣೋ! ನೀನೇ!" ಎಂದು ಕೂಗುತ್ತ ಮಗುವಿನ ಹಾಗೆ ಅತ್ತ.

ಕಣ್ಣೊರೆಸಿಕೊಂಡು ಇಳಿಯುವಷ್ಟರಲ್ಲಿ ಯಾರೋ ತಮ್ಮನ ಸೈಕಲ್ಲಿಗೆ ಕೆಂಪು ಚೀಟಿ ಕಟ್ಟಿ ತಪಾಸಣೆಯ ಡೇರೆಗೆ ಒಯ್ದಿದ್ದರು.

ಡೇರೆಯಲ್ಲಿ ಹದ್ದಕ್ಕ ಸ್ಲೇಟನ್ನು ಕೊಳವೆಯ ಮೇಲೆ ಒಮ್ಮೆ ಸವರಿದಳು, ನಿಂತಳು, ಮತ್ತೆ ಸವರಿದಳು. ಹೊರಗೆ ಆಗಲೇ, ಮುದಿ ಎತ್ತು ಒಂದೇ ದಿನಕ್ಕೆ ಕುದುರೆ ಆಯ್ತಾ ಎಂದು ಯಾರೋ ನಗುತ್ತಿದ್ದರು. ಅಣ್ಣನ ಕೈ ತಾನಾಗಿಯೇ ಜೇಬು ಮುಟ್ಟಿ ನೋಡಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ.

"ಒಳಗೇನೋ ಇದೆ," ಎಂದಳು ಹದ್ದಕ್ಕ.

ತಮ್ಮ ನಕ್ಕ. ಬೆವರು ಇನ್ನೂ ಆರಿರಲಿಲ್ಲ. "ತೂಕಕ್ಕೆ ಹಾಕಿದ ಸೀಸ ಮೇಡಂ."

"ಸೀಸಕ್ಕೆ ಇದು ಹೀಗೆ ತೋರ್ಸಲ್ಲ."

"ಹಾಗಾದ್ರೆ ಬಿಚ್ಚಿ. ಬೇಕಾದ್ರೆ ಕೊಯ್ದೇ ನೋಡಿ. ನಮ್ಮಣ್ಣ ಕಟ್ಟಿದ ಸೈಕಲ್ ಇದು. ಅಣ್ಣನ ಮೇಲಾಣೆ, ಅದರಲ್ಲಿ ನನ್ನ ಕಾಲು ಬಿಟ್ರೆ ಇನ್ನೇನಿಲ್ಲ."

"ನಿಮ್ಮ ಮೆಕ್ಯಾನಿಕ್ಕೇ ಬಿಚ್ಚಬೇಕು," ಎಂದಳು ಹದ್ದಕ್ಕ. "ನಿಯಮ ಹಾಗಿದೆ."

"ಬಿಚ್ಚಣ್ಣ," ಎಂದ ತಮ್ಮ. ಆ ದನಿಯಲ್ಲಿ ಹೆಮ್ಮೆಯಿತ್ತು. ಅಣ್ಣ ಅಲೆನ್ ಕೀ ತೆಗೆದುಕೊಂಡ. ಕಣ್ಣು ಮುಚ್ಚಿ ಬಿಚ್ಚಬಲ್ಲ ಬೋಲ್ಟಿಗೆ ಕೀ ಕೂರಿಸಲು ಆಗಲಿಲ್ಲ, ಮತ್ತೆ ಮತ್ತೆ ಜಾರಿತು. ತಮ್ಮ ಅದನ್ನು ನೋಡುತ್ತಿದ್ದ. ಮೊದಲು ನಗುತ್ತ ನೋಡಿದ, ಆಮೇಲೆ ಅಣ್ಣನ ಕೈಯನ್ನು ನೋಡಿದ, ಆಮೇಲೆ ಮುಖವನ್ನು. ಸೀಟು ಹೊರಬರುವ ಮೊದಲೇ ಅವನಿಗೆ ಗೊತ್ತಾಗಿಹೋಗಿತ್ತು.

"ಅವನಿಗೆ ಗೊತ್ತಿಲ್ಲ," ಎಂದ ಅಣ್ಣ. "ನಾನೇ ಇಟ್ಟೆ. ಹೊತ್ತು ಮೀರಬಾರದು ಅಂತ ಇಟ್ಟೆ. ಇವತ್ತು ಒತ್ತಿಲ್ಲ ಮೇಡಂ, ನನ್ನಾಣೆಗೂ ಒತ್ತಿಲ್ಲ. ಬ್ಯಾಟರಿ ನೋಡಿ ಬೇಕಾದ್ರೆ."

ಹದ್ದಕ್ಕ ಕೆಟ್ಟವಳಲ್ಲ. ಕೇಳಿದ್ದನ್ನು ಮಾಡಿದಳು. ಬ್ಯಾಟರಿಗೆ ಮೀಟರು ಹಚ್ಚಿ, ಓದಿ, ಅದನ್ನು ಅಣ್ಣನ ಕಡೆ ತಿರುಗಿಸಿದಳು. ಮುಳ್ಳು ಅರ್ಧದಲ್ಲಿ ನಿಂತಿತ್ತು. ಹಿಂದಿನ ದಿನ ಖರ್ಚಾದ ಅರ್ಧ ಅದು, ತಮ್ಮ ಎದುರಿಗೆ ಕೂತು ಅಂಗಡಿಯ ಕನಸು ಹೇಳುತ್ತಿದ್ದಾಗ ತುಂಬಿಸಲಾಗದೆ ಹೋದ ಅರ್ಧ. ಅದನ್ನು ಯಾರಿಗೆ ಹೇಳುವುದು, ಹೇಳಿದರೆ ನಂಬುವವರು ಯಾರು? ಅವಳು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಮೊಹರು ಮಾಡಿದಳು. ಗೆಲುವು ರದ್ದು, ತಮ್ಮ ರೇಸಿನಿಂದಲೇ ಹೊರಗೆ. ಯಾರು ಇಟ್ಟರೆಂಬುದು ಆಮೇಲಿನ ವಿಚಾರಣೆಗೆ, ಸೈಕಲ್ ಏರಿದವನು ಮಾತ್ರ ಇವತ್ತೇ ಹೊಣೆ ಎಂದಳು.

ಸಂಜೆ ಲಾರಿಯೊಳಗೆ ತಮ್ಮ ಅದೇ ಡಬ್ಬದ ಮೇಲೆ ಕೂತಿದ್ದ. ರೇಸಿನ ಬೂಟು ಇನ್ನೂ ಕಾಲಲ್ಲೇ ಇತ್ತು. ಅವನ ಸೈಕಲ್ಲು ತೂಗುತ್ತಿದ್ದ ಕೊಕ್ಕೆ ಖಾಲಿಯಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಅಣ್ಣನಿಗೆ ಬುದ್ಧಿಯೂ ಬಂದಿರಲಿಲ್ಲ, ಬರೀ ಸಂಕಟ ಬಂದಿತ್ತು.

"ನಿನ್ನೆ?" ಎಂದ ತಮ್ಮ.

"ಒತ್ತಿದೆ."

"ಮೊನ್ನೆ?"

"ಒತ್ತಿದೆ ಕಣೋ."

ತಮ್ಮ ಮೊಣಕಾಲು ನೀವಿಕೊಂಡ. ಆಮೇಲೆ ಮೆಲ್ಲಗೆ, "ನಿಜ ಹೇಳಣ್ಣ. ಇವತ್ತು ನಾನೇ ಹೊಡೆದ್ನಾ?" ಎಂದು ಕೇಳಿದ.

"ನೀನೇ ಕಣೋ. ನಾನು ಮುಟ್ಟಿಲ್ಲ. ಡಬ್ಬಿಗೆ ಹಾಕಿ ಮುಚ್ಚಿಟ್ಟಿದ್ದೆ. ಅಷ್ಟೂ ನೀನೇ ಹೊಡೆದೆ."

ತಮ್ಮ ತಲೆಯಾಡಿಸಿದ. ಬೇಗ ಗುಣವಾಗ್ತೀರಿ ಎಂದ ಡಾಕ್ಟರಿಗೆ ನಂಬದ ರೋಗಿ ತಲೆಯಾಡಿಸುವ ಹಾಗಿತ್ತು ಅದು.

"ನಾನು ಚಿಕ್ಕೋನಿದ್ದಾಗ, ಹಿಡ್ಕೊಂಡೇ ಇದೀನಿ ಅಂತ ಹೇಳಿ ನೀನು ಕೈಬಿಟ್ಟಿದ್ದೆ," ಎಂದ. "ಅದು ಸುಳ್ಳು ಅಂತ ಗೊತ್ತಾದಾಗ ಎಷ್ಟು ಖುಷಿಯಾಗಿತ್ತು ಗೊತ್ತಾ?"

ಅಷ್ಟರಲ್ಲಿ ಅಣ್ಣನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಯಾರೆಂದು ಇಬ್ಬರಿಗೂ ಗೊತ್ತಿತ್ತು. ಅಪ್ಪ ಎತ್ತದಿದ್ದರೆ ಮಗಳು ದೊಡ್ಡಪ್ಪನಿಗೇ ಮಾಡುವುದು.

"ನೀನೇ ಮಾತಾಡು," ಎಂದ ತಮ್ಮ.

"ದೊಡ್ಡಪ್ಪಾ! ಟೀವೀಲಿ ನೋಡಿದ್ವಿ! ಆಮೇಲೆ ಅಮ್ಮ ಆಫ್ ಮಾಡ್ಬಿಟ್ಳು. ಅಪ್ಪನೇ ತಾನೆ ಫಸ್ಟ್ ಬಂದಿದ್ದು?"

"ಹೂಂ ಪುಟ್ಟಿ," ಎಂದ ದೊಡ್ಡಪ್ಪ. "ಅಪ್ಪನೇ. ಒಬ್ಬನೇ ಹೊಡ್ಕೊಂಡು ಬಂದ."

ಅವಳು ತಕ್ಷಣ ನಂಬಿದಳು. ಅವಳ ಕೂಗು ಫೋನಿನಿಂದ ಹೊರಬಿದ್ದು ಲಾರಿಯೆಲ್ಲ ತುಂಬಿತು. ತಮ್ಮ ಬಗ್ಗಿ ಬೂಟಿನ ಪಟ್ಟಿ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.